ಬಸಣ್ಣನ ಉಡದಾರದ ಕೀಲಿಕೈ

ಜೋರ್ಡಾನಿಗೆ ಬಂದ ಮೂರನೆಯ ದಿನ ಬೆಳಿಗ್ಗೆ, ಚಹಾದ ಲೋಟ ಇನ್ನೂ ಕೈಯಲ್ಲಿರುವಾಗಲೇ, ನಾನು ಸತ್ತೆನೆಂದು ಒಬ್ಬರು ಕಾಗದದ ಮೇಲೆ ಬರೆದುಕೊಂಡರು.

ಅವರ ಹೆಸರು ಅಬು ಖಾಲಿದ್. ಗಾಳಿಯಿಂದ ವಿದ್ಯುತ್ ಮಾಡುವ ನಮ್ಮ ಕಂಪನಿಯಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ. ಹೊಸದಾಗಿ ಬಂದಿದ್ದ ನಾಲ್ವರಿಗೆ ಅವತ್ತು ಒಂದೊಂದು ಕೆಂಪು ಬೀಗ ಕೊಟ್ಟಿದ್ದರು. ಬೀಗದ ಮೇಲೆ ಅವರವರ ಫೋಟೊ, ಹೆಸರು. ಒಂದು ಬೀಗಕ್ಕೆ ಒಂದೇ ಕೀಲಿಕೈ. ಯಂತ್ರದ ಕೆಲಸಕ್ಕೆ ಹೋಗುವ ಮೊದಲು ವಿದ್ಯುತ್ತಿನ ಸ್ವಿಚ್ ಇಳಿಸಿ, ಅದಕ್ಕೆ ಪ್ರತಿಯೊಬ್ಬನೂ ತನ್ನ ಬೀಗ ಜಡಿಯಬೇಕು. ಎಲ್ಲರ ಬೀಗಗಳೂ ಕಳಚುವ ತನಕ ಆ ಸ್ವಿಚ್ಚನ್ನು ಯಾರೂ ಮೇಲೆತ್ತಲಾಗದು. ಅರ್ಧ ತಾಸು ಇಷ್ಟನ್ನೇ ತಿರುಗಿಸಿ ತಿರುಗಿಸಿ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಪುದೀನಾ ಹಾಕಿದ ಚಹಾ ಬಂತು. ಊರು ಕೇಳಿದರು, ಮಕ್ಕಳು ಕೇಳಿದರು. ಇಲ್ಲಿ ಗಂಡಸರನ್ನು ಮಕ್ಕಳ ಹೆಸರಿನಿಂದ ಕರೆಯುವುದು ರೂಢಿ. ಖಾಲಿದನ ಅಪ್ಪ ಅಬು ಖಾಲಿದ್. ನನ್ನ ಮಗಳ ಹೆಸರು ಸಹನಾ ಅಂದಾಗ ಅವರು ನಕ್ಕು, "ಹಾಗಾದರೆ ನೀನು ಅಬು ಸಹನಾ" ಅಂದರು. ವೀರೇಶ ಎನ್ನುವ ನನ್ನ ಹೆಸರು ಅವತ್ತಿಗೇ ಇಲ್ಲಿ ಮುಗಿಯಿತು.

ನಗುನಗುತ್ತಲೇ ಕೈ ಚಾಚಿ, "ನಿನ್ನ ಕೀಲಿಕೈ ಕೊಡು, ನಂಬರ್ ನೋಡಬೇಕು" ಅಂದರು.

ಹಿರಿಯರಿಗೆ ನಮ್ಮಲ್ಲಿ ಹೇಗೆ ಕೊಡುತ್ತೇವೋ ಹಾಗೆ, ಬಲಗೈಯ ಮೊಣಕೈಗೆ ಎಡಗೈ ಹಚ್ಚಿ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡು, ಕಾಗದದಲ್ಲಿ ನನ್ನ ಹೆಸರಿನ ಮುಂದೆ "ಸತ್ತ" ಎಂದು ಬರೆದರು. ಬರೆದದ್ದನ್ನು ಓದಿಯೂ ಹೇಳಿದರು. ಪಕ್ಕದಲ್ಲಿದ್ದ ನೇಪಾಳದ ಪ್ರೇಮ್ ಎಂಬವನಿಗೂ ಕೈ ಚಾಚಿದರು. ಅವನು ಮುಷ್ಟಿ ಮುಚ್ಚಿಕೊಂಡ. "ನಂಬರ್ ನಾನೇ ಓದಿ ಹೇಳುತ್ತೇನೆ ಸರ್" ಅಂದ. ಅವನ ಹೆಸರಿನ ಮುಂದೆ "ಬದುಕಿದ್ದಾನೆ" ಎಂದು ಬಂತು.

ಅದನ್ನು ನಾನು ಪಾಠವೆಂದು ತೆಗೆದುಕೊಳ್ಳಲಿಲ್ಲ. ಅವಮಾನವೆಂದು ತೆಗೆದುಕೊಂಡೆ. ಅಪ್ಪನ ವಯಸ್ಸಿನ ಮನುಷ್ಯ ಕೈ ಚಾಚಿದರೆ ಮುಷ್ಟಿ ಮುಚ್ಚುವವನು ಎಂಥವನು ಅಂತ ಪ್ರೇಮನ ಮೇಲೆ ಅಸಹ್ಯವೂ ಆಯಿತು.

ಸಂಜೆ, ಇಲ್ಲಿಯೇ ಕೆಲಸಕ್ಕಿದ್ದ ನಮ್ಮ ಕಡೆಯ ಬಸಣ್ಣನಿಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನೂ ಸಾಯಿಸಿದ್ದ ತಮ್ಮಾ. ಎರಡ ವರ್ಷ ಆತು ಸತ್ತು. ಈ ಮಂದಿಗಿ ಒಬ್ರ ಮ್ಯಾಲ ಒಬ್ರಿಗಿ ವಿಶ್ವಾಸ ಇಲ್ಲ ನೋಡು. ಅದಕ್ಕ ಎಲ್ಲಾರೂ ಒಂದೊಂದ ಕೀಲಿ ಹಿಡಕೊಂಡ ತಿರಗತಾರ."

ಬಸಣ್ಣ ಬೆಳವಣಕಿಯವನು, ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅಲ್ಲೇ ಹತ್ತಿರದ ಯಾವಗಲ್ ಊರಿನವನು. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತಿರುವ ಗಾಳಿ ಯಂತ್ರಗಳನ್ನು ನಮ್ಮ ಕಡೆ ಫ್ಯಾನು ಅಂತಲೇ ಕರೆಯುತ್ತಾರೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಆ ಫ್ಯಾನುಗಳ ಕೆಲಸಕ್ಕೆ ಸೇರಿದಾಗ, ಕಂಬದ ಒಳಗಿನ ಏಣಿ ಹತ್ತುವುದನ್ನು ಕಲಿಸಿದವನು ಬಸಣ್ಣ. ಅರ್ಧಕ್ಕೆ ಹತ್ತಿ ನಾನು ಏಣಿಗೆ ಅಂಟಿಕೊಂಡು ನಿಂತಾಗ ಕೆಳಗಿನಿಂದ ನನ್ನ ಹಿಮ್ಮಡಿಗೆ ತನ್ನ ಹೆಗಲು ಕೊಟ್ಟು ನಿಂತವನು. ಗುಡ್ಡದ ಮೇಲೆ ನಮ್ಮ ತಂಡಕ್ಕೆಲ್ಲ ಒಂದೇ ಬೀಗ. ಅದನ್ನು ಹಾಕುವವನು ಬಸಣ್ಣ, ಕೀಲಿಕೈ ಅವನ ಸೊಂಟದ ಉಡದಾರದಲ್ಲಿ. ಹಿಂದೊಮ್ಮೆ ಯಾರೋ ಒಬ್ಬನ ಜೇಬಿನಿಂದ ಕೀಲಿಕೈ ಏಣಿಯ ಮೇಲಿಂದ ಜಾರಿ ಬಿದ್ದು, ಅರ್ಧ ದಿನ ಹುಡುಕಾಟದಲ್ಲಿ ಹೋಗಿತ್ತಂತೆ. ಅಂದಿನಿಂದ ಮೇಲೆ ಹತ್ತುವವರು ಏನಿದ್ದರೂ ಕೆಳಗಿರುವ ಹಿರಿಯನ ಕೈಗೆ ಕೊಟ್ಟು ಹತ್ತುವುದು ವಾಡಿಕೆ. ಬಸಣ್ಣ ಕೆಳಗಿದ್ದಾನೆ, ಕೀಲಿಕೈ ಅವನ ಉಡದಾರದಲ್ಲಿದೆ. ಇಷ್ಟಿದ್ದರೆ ನಾವು ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವು.

ಜೋರ್ಡಾನಿನ ಕೆಲಸ ಕೊಡಿಸಿದವನೂ ಅವನೇ. ಮೊದಲು ಅವನು ಬಂದ, ಎರಡು ವರ್ಷ ಬಿಟ್ಟು ನನ್ನನ್ನು ಕರೆಸಿಕೊಂಡ.

ಹೊರದೇಶದ ಕೆಲಸವೆಂದರೆ ನಮ್ಮ ಕಡೆ ಕಿವಿಗೆ ಬೀಳುವುದೆಲ್ಲ ಮೋಸದ ಕಥೆ. ಹೇಳಿದ್ದೊಂದು ಕೆಲಸ, ಕೊಟ್ಟಿದ್ದೊಂದು, ಪಾಸ್‌ಪೋರ್ಟ್ ಕಸಿದುಕೊಂಡರು, ಒಂಟೆ ಕಾಯಲು ಕಳಿಸಿದರು. ಹಾಗಾಗಿ ನಾನು ವಿಮಾನ ಇಳಿದಾಗಲೇ ಎಲ್ಲರನ್ನೂ ಕಳ್ಳರೆಂದು ತೀರ್ಮಾನಿಸಿಕೊಂಡು ಇಳಿದಿದ್ದೆ. ವಾಸದ ಪರವಾನಗಿ ಮಾಡಿಸಬೇಕೆಂದು ಕಂಪನಿಯವರು ಪಾಸ್‌ಪೋರ್ಟ್ ಕೇಳಿದರು. ಅದು ತಿರುಗಿ ಕೈಗೆ ಬರುವವರೆಗಿನ ನಾಲ್ಕು ದಿನ ಸರಿಯಾಗಿ ಊಟ ಸೇರಲಿಲ್ಲ. ಬಂದ ಮೇಲೆ ಅದನ್ನು ದಿಂಬಿನ ಚೀಲದೊಳಗೆ ಹಾಕಿ ಅದರ ಮೇಲೆ ತಲೆಯಿಟ್ಟು ಮಲಗಿದೆ.

ನಾವು ಇರುವುದು ದೇಶದ ದಕ್ಷಿಣದ ಗುಡ್ಡಗಾಡಿನ ಒಂದು ಸಣ್ಣ ಊರು. ಅರಬರ ನಾಡೆಂದರೆ ಉಸುಕು, ಬಿಸಿಲು ಅಂದುಕೊಂಡು ನಾನು ತೆಳ್ಳನೆಯ ಅಂಗಿಗಳನ್ನೇ ತುಂಬಿಕೊಂಡು ಬಂದಿದ್ದೆ. ಇಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಹತ್ತಿ ಹರವಿದ ಹಾಗೆ ಬೆಳ್ಳಗೆ. ನರಗುಂದದ ಬಜಾರದಲ್ಲಿ ಹತ್ತಿ ಅಂಡಿಗೆ ಒಡೆದು ಹರಡಿದ್ದನ್ನು ನೋಡಿದವನಿಗೆ ಬೇರೆ ಹೋಲಿಕೆ ಹೊಳೆಯಲಿಲ್ಲ. ಮನೆ ಕಲ್ಲಿನದು. ಕೆಳಗೆ ಮನೆಯೊಡತಿ ಉಮ್ ಯೂಸುಫ್, ಅಂದರೆ ಯೂಸುಫನ ತಾಯಿ. ಮೇಲಿನ ಎರಡು ಕೋಣೆಗಳಲ್ಲಿ ಬಸಣ್ಣ ಮತ್ತು ನಾನು. ಚಳಿಗೆ ಸೀಮೆಎಣ್ಣೆಯ ಒಲೆ. ಅದಕ್ಕೆ ಸೋಬಾ ಅನ್ನುತ್ತಾರೆ. ನೀರು ವಾರಕ್ಕೊಮ್ಮೆ ಬರುತ್ತದೆ, ಬಂದ ದಿನ ಮಾಳಿಗೆಯ ಮೇಲಿನ ಟಾಕಿಗಳು ತುಂಬಬೇಕು. ನೀರಿಗೆ ಕಾಯುವುದೊಂದೇ ನನಗೆ ಈ ಊರಲ್ಲಿ ಮೊದಲಿನಿಂದಲೂ ಗೊತ್ತಿದ್ದ ಕೆಲಸ.

ಉಮ್ ಯೂಸುಫ್ ಬೋರಲು ಹಾಕಿದ ಹಂಚಿನ ಮೇಲೆ ಶ್ರಾಕ್ ಎಂಬ ರೊಟ್ಟಿ ಮಾಡುತ್ತಾಳೆ. ನಮ್ಮ ಜೋಳದ ರೊಟ್ಟಿಗಿಂತ ದೊಡ್ಡದು, ಕರ್ಚೀಫಿನಷ್ಟು ತೆಳ್ಳಗೆ, ಮಡಚಿ ಇಡಬಹುದು. ಮೊದಲ ವಾರವೇ ನಾಲ್ಕು ತಂದುಕೊಟ್ಟಳು. ಯಾಕೆ ಕೊಟ್ಟಳು ಅಂತ ನಾನು ಅದನ್ನು ಮೂಸಿ ನೋಡಿದೆ. ಅಂಗಡಿಯವನದು ಇನ್ನೂ ವಿಚಿತ್ರ. ದುಡ್ಡು ಕೊಡಲು ಹೋದರೆ "ಖಲ್ಲೀಹಾ ಅಲೈನಾ" ಅಂದ. ಇರಲಿ ಬಿಡು, ಇದು ನಮ್ಮದು ಅಂತ ಅರ್ಥ. ಏನೋ ಬಲೆ ಇದೆ ಅಂತ ಸಂಶಯ ಬಂದರೂ, ಬ್ರೆಡ್ಡು ಮೊಸರು ಎತ್ತಿಕೊಂಡು ಬಂದುಬಿಟ್ಟೆ. ಬಸಣ್ಣ ಹಣೆ ಹಣೆ ಬಡಿದುಕೊಂಡ.

"ಅದು ಬಾಯಿ ಮಾತೋ ಹುಚ್ಚಪ್ಪಾ. ಬೀಗರ ಮನ್ಯಾಗ ಇನ್ನೊಂದ ಹೋಳಿಗಿ ಹಾಕಾಕ ಬಂದ್ರ ಬ್ಯಾಡ್ರಿ ಬ್ಯಾಡ್ರಿ ಅಂತೀ ಇಲ್ಲೋ? ಹಂಗ ಇವ್ರದೂ. ಲಗೂ ಹೋಗಿ ಕೊಟ್ಟ ಬಾ."

ಹೀಗೆ ಬಂದ ಹೊಸತರಲ್ಲಿ ನಾನು ಇಲ್ಲಿಯ ಕಂಪನಿಯನ್ನು ನಂಬಲಿಲ್ಲ, ಅಂಗಡಿಯವನನ್ನು ನಂಬಲಿಲ್ಲ, ರೊಟ್ಟಿ ಕೊಟ್ಟ ಹೆಂಗಸನ್ನು ನಂಬಲಿಲ್ಲ, ಪ್ರೇಮನನ್ನಂತೂ ಮೊದಲೇ ಇಲ್ಲ. ಸಂಶಯ ಪಡದೆ ಇದ್ದದ್ದು ಒಬ್ಬನ ಮೇಲೆ ಮಾತ್ರ. ಕೆಲಸಕ್ಕೆ ಹೋದ ಮೊದಲ ದಿನ ಕಂಬದ ಬುಡದಲ್ಲಿ ನನ್ನ ಬೀಗ ಹಾಕಿ ಏಣಿಗೆ ಕೈ ಹಚ್ಚಿದಾಗ ಬಸಣ್ಣ, "ಎಲ್ಲಿಟ್ಕೊಂಡಿ ಕೀಲಿಕೈ? ಕಿಸೆದಾಗ? ಬೀಳಸ್ತೀ. ತಾ ಇಲ್ಲಿ" ಅಂದ. ಅಂಗಿ ಎತ್ತಿ ಉಡದಾರಕ್ಕೆ ಪೋಣಿಸಿಕೊಂಡ. ಪ್ರೇಮ್ ನೋಡಿದ. ಅವನ ಕೀಲಿಕೈ ಕೊರಳಲ್ಲಿ, ಅಂಗಿಯ ಒಳಗೆ, ದಾರಕ್ಕೆ ಕಟ್ಟಿಕೊಂಡಿರುತ್ತಿತ್ತು. "ತಾಳಿ ಕಟ್ಕೊಂಡಾನ ನೋಡು ಮಗಾ" ಅಂತ ಬಸಣ್ಣ ಕನ್ನಡದಲ್ಲಿ ನಗೆಯಾಡುತ್ತಿದ್ದ. ನಾನೂ ನಗುತ್ತಿದ್ದೆ.

ಏಳು ತಿಂಗಳು ಹಾಗೇ ನಡೆಯಿತು. ಏನೂ ಆಗಲಿಲ್ಲ.

ಆ ದಿನದ್ದನ್ನು ಈಗ ಬರೆಯಬೇಕು. ಮನಸ್ಸಿನಲ್ಲಿ ನೂರು ಸಲ ನಡೆದುಹೋಗಿದೆ. ಒಮ್ಮೊಮ್ಮೆ ಕ್ರಮ ತಪ್ಪುತ್ತದೆ, ಸದ್ದು ಮೊದಲು ಬಂದು ಉಳಿದದ್ದು ಆಮೇಲೆ ಬರುತ್ತದೆ. ಆದಷ್ಟು ಸಾಲಾಗಿ ಹೇಳುತ್ತೇನೆ.

ಫ್ಯಾನಿನ ಕಂಬದ ತುದಿಯಲ್ಲಿ ಒಂದು ಕಬ್ಬಿಣದ ಕೋಣೆ ಇರುತ್ತದೆ. ರೆಕ್ಕೆಗಳು ಅದರ ಮುಂದೆ. ಗಾಳಿ ದಿಕ್ಕು ಬದಲಿಸಿದರೆ ಇಡೀ ಕೋಣೆಯೇ ಗಾಳಿಯ ಕಡೆ ತಿರುಗುತ್ತದೆ. ಅದನ್ನು ತಿರುಗಿಸುವುದಕ್ಕೆ ಕೆಳಗೆ ದೊಡ್ಡ ಹಲ್ಲಿನ ಚಕ್ರ, ಅದಕ್ಕೆ ಕಚ್ಚಿಕೊಂಡ ಮೋಟಾರುಗಳು. ಆ ಹಲ್ಲುಗಳ ನಡುವಿನ ಹಳೆಯ ಗ್ರೀಸು ಕೆರೆದು ತೆಗೆದು ಹೊಸದು ಹಚ್ಚುವುದು ಅವತ್ತಿನ ಕೆಲಸ. ಮೋಟಾರಿನ ಸ್ವಿಚ್ಚು ಕಂಬದ ಬುಡದಲ್ಲಿ. ಬೆಳಿಗ್ಗೆ ಅದಕ್ಕೆ ಮೂರು ಬೀಗ ಬಿದ್ದವು: ಬಸಣ್ಣನದು, ನನ್ನದು, ಪ್ರೇಮನದು. ನಾನು ಕೀಲಿಕೈ ಬಸಣ್ಣನಿಗೆ ಕೊಟ್ಟೆ. ಅವನು ಕೆಳಗುಳಿದ. ನಾನು, ಪ್ರೇಮ್ ಹತ್ತಿದೆವು.

ನಾನು ಅಂಗಾತ ಮಲಗಿ ಬಲಗೈಯನ್ನು ಭುಜದ ತನಕ ಹಲ್ಲು ಮತ್ತು ಮೋಟಾರಿನ ಸಂದಿಯೊಳಗೆ ತೂರಿಸಿ ಒರೆಸುತ್ತಿದ್ದೆ. ಪ್ರೇಮ್ ದೀಪ ಹಿಡಿದಿದ್ದ. ಮುಕ್ಕಾಲು ಕೆಲಸ ಮುಗಿದಿತ್ತು. ಆಗ ಕೋಣೆಯ ಮೂಲೆಯಲ್ಲಿದ್ದ ಹಾರ್ನು ಕೂಗಿತು.

ಕೋಣೆ ತಿರುಗುವ ಮುಂಚೆ ಆ ಹಾರ್ನು ಎಚ್ಚರಿಕೆಗೆ ಹತ್ತು ಸಲ ಕೂಗುತ್ತದೆ. ಹತ್ತನೆಯದಾದ ಮೇಲೆ ಮೋಟಾರು. ಕೈ ಎಳೆದುಕೊಂಡೆ. ಬರಲಿಲ್ಲ. ತೋಳಿನ ಪಟ್ಟಿ ಒಳಗೆ ಯಾವುದೋ ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಎರಡು, ಮೂರು. ನಾನು ಎಳೆದಷ್ಟೂ ಅದು ಬಿಗಿಯಿತು. ಪ್ರೇಮ್ "ಹಿಲನಾ ಮತ್" ಅಂದ, ಅಲುಗಾಡಬೇಡ ಅಂತ. ತುರ್ತು ನಿಲುಗಡೆಯ ಕೆಂಪು ಗುಂಡಿ ಆಚೆ ಬದಿಗಿತ್ತು. ನನ್ನ ಮೈಮೇಲಿಂದ ದಾಟಿ ಹೋಗಬೇಕು. ಅವನ ಮೊಣಕಾಲು ನನ್ನ ಎದೆಯ ಮೇಲೆ ಊರಿತು. ಆರು, ಏಳು. ನಾನು ಯಾವ ದೇವರನ್ನೂ ನೆನೆಯಲಿಲ್ಲ. ಎಣಿಸುತ್ತಿದ್ದೆ ಅಷ್ಟೆ. ಹತ್ತು ಆಯಿತು. ಪ್ರೇಮನ ಕೈ ಇನ್ನೂ ಗುಂಡಿಗೆ ಮುಟ್ಟಿರಲಿಲ್ಲ.

ಮೋಟಾರು ತಿರುಗಲಿಲ್ಲ.

ಪ್ರೇಮ್ ಗುಂಡಿ ಒತ್ತಿ, ತಿರುಗಿ ಬಂದು ಚಾಕುವಿನಿಂದ ನನ್ನ ತೋಳಿನ ಪಟ್ಟಿ ಕೊಯ್ದ. ಕೈ ಹೊರಗೆ ಬಂತು. ಮೈಯಲ್ಲಿ ಒಂದು ಗೆರೆಯ ಗಾಯವೂ ಇಲ್ಲ. ಅವನು ಕೊರಳಿನ ದಾರ ಎಳೆದು ಕೀಲಿಕೈ ನನ್ನ ಮುಖದ ಮುಂದೆ ಹಿಡಿದ. ಆಡಿದ್ದು ಒಂದೇ ಮಾತು, ಹಿಂದಿಯಲ್ಲಿ: "ನನ್ನದು ನನ್ನ ಹತ್ತಿರ ಇದೆ, ಭಾಯ್."

ಕೆಳಗಿಳಿದು ನೋಡಿದರೆ ಸ್ವಿಚ್ಚಿನಲ್ಲಿ ಒಂದೇ ಬೀಗ ನೇತಾಡುತ್ತಿತ್ತು. ಪ್ರೇಮನದು. ಬಸಣ್ಣನ ಬೀಗ, ನನ್ನ ಬೀಗ ಎರಡೂ ತೆರೆದು ಪೆಟ್ಟಿಗೆಯ ಮೇಲೆ ಬಿದ್ದಿದ್ದವು. ನನ್ನ ಬೀಗದಲ್ಲಿ ಕೀಲಿಕೈ ಹಾಗೇ ಸಿಕ್ಕಿಸಿತ್ತು. ಫೋಟೊದಲ್ಲಿ ನಾನು ನಗುತ್ತಿದ್ದೆ.

ಬಸಣ್ಣನ ಮುಖ ಬೂದಿಯಾಗಿತ್ತು. "ಮುಗದಿರಬೇಕು ಅನ್ಕೊಂಡ್ನೆಪಾ. ಆಫೀಸಿಂದ ಸಾಹೇಬ ಫೋನ್ ಹಚ್ಚಿದ್ದ. ಗಾಳಿ ಚಲೋ ಬಿಟ್ಟೈತಿ, ಫ್ಯಾನ್ ಚಾಲೂ ಮಾಡು ಅಂದ. ನಿಮ್ಮನ್ನ ವಾಕಿಟಾಕಿನ್ಯಾಗ ಎರಡ ಸಲ ಕೂಗೀನಿ."

"ವಾಕಿಟಾಕಿ ನನ್ನ ಎದಿ ಮ್ಯಾಲ ಇತ್ತಣ್ಣ. ಒಂದ ಸಲಾನೂ ಕೇಳಿಲ್ಲ."

"ಗಾಳಿ ಭಾಳ ಇತ್ತು."

ಹೊರಗೆ ಗಾಳಿ ಇದ್ದದ್ದು ನಿಜ. ಒಳಗೆ ಪ್ರೇಮ್ ಕೆಮ್ಮಿದ್ದೂ ನನಗೆ ಕೇಳುತ್ತಿತ್ತು.

ನಡೆದದ್ದು ಇಷ್ಟು. ಬಸಣ್ಣ ಎರಡು ಬೀಗ ತೆಗೆದು, ಯಂತ್ರವನ್ನು ಚಾಲೂ ಮಾಡಲು ಹಚ್ಚಿದ್ದಾನೆ; ಹಾರ್ನಿಗೆ ಬೇರೆ ವಿದ್ಯುತ್ತು, ಅದು ಕೂಗಿದೆ. ಕೊನೆಗೆ ಮೋಟಾರಿನ ಸ್ವಿಚ್ಚು ಎತ್ತಲು ಹೋದಾಗ ಮೂರನೆಯ ಬೀಗ ಕೈಗೆ ತಡೆದಿದೆ. ಗಜೇಂದ್ರಗಡದ ಅಭ್ಯಾಸ. ತನ್ನ ಉಡದಾರದಲ್ಲಿರುವುದೇ ಎಲ್ಲ ಕೀಲಿಕೈಗಳು ಅಂದುಕೊಂಡಿದ್ದ. ನಾನು ಅಸಹ್ಯಪಟ್ಟ ಮುಷ್ಟಿ ಮುಚ್ಚುವ ಮನುಷ್ಯ ಇಲ್ಲದಿದ್ದರೆ ಈಗ ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೆ, ಅಥವಾ ಬರೆಯುತ್ತಲೇ ಇರಲಿಲ್ಲ.

ಮರುದಿನ ಅಬು ಖಾಲಿದ್ ವಿಚಾರಣೆಗೆ ಕರೆದರು. ಇಲ್ಲಿ ಇನ್ನೊಬ್ಬನ ಬೀಗ ತೆಗೆದವನಿಗೆ ಕೆಲಸ ಇಲ್ಲ. ಅದು ಎಲ್ಲರಿಗೂ ಗೊತ್ತಿರುವ ನಿಯಮ. ಹೋಗುವ ಮೊದಲು ಬಸಣ್ಣ ನನ್ನ ಕೋಣೆಗೆ ಬಂದು ಹಾಸಿಗೆಯ ಅಂಚಿಗೆ ಕೂತ.

"ನಿನ್ನೆ ಬೆಳಿಗ್ಗೆ ಕೀಲಿ ಹಾಕೋದ ಮರ್ತಿದ್ದೆ ಅಂತ ಹೇಳಿಬಿಡು ತಮ್ಮಾ. ನಿನಗೊಂದು ಎಚ್ಚರಿಕಿ ಚೀಟಿ ಕೊಡ್ತಾರ, ಅಷ್ಟ. ನನ್ನ ಊರಿಗಿ ಕಳಸ್ತಾರ. ಬೆಳವಣಕ್ಯಾಗ ಏನಂತ ಮಾರಿ ತೋರಸ್ಲಿ?"

"ಪ್ರೇಮ್ ಏನ್ ಹೇಳ್ತಾನೋ?"

"ಕೀಲಿ ತಗಿಯೋ ಮುಂದ ಅವಾ ಮ್ಯಾಲಿದ್ದ. ಅವಗೇನ ಗೊತ್ತು? ನೀ ಹೇಳಿದ್ದ ಖರೇ ಆಗತೈತಿ."

ನಾನು ಎದ್ದು ಬೂಟು ಹಾಕಿಕೊಂಡೆ. ಆ ಹೊತ್ತಿಗೆ ನನ್ನೊಳಗೆ ಇನ್ನೊಂದು ಹುಳ ಹೊಕ್ಕಿತ್ತು. ಹೇಳಲು ನಾಚಿಕೆಯಾಗುತ್ತದೆ. ಅದರ ಹಿಂದಿನ ವಾರವಷ್ಟೇ ಮೇಲ್ದರ್ಜೆಯ ತರಬೇತಿಗೆ ಒಬ್ಬನನ್ನು ಆರಿಸಿದ್ದರು. ಎರಡು ವರ್ಷ ಹಳಬನಾದ ಬಸಣ್ಣನನ್ನು ಬಿಟ್ಟು, ಇಂಗ್ಲಿಷ್ ಓದಲು ಬರುತ್ತದೆಂದು ನನ್ನ ಹೆಸರು ಬರೆದಿದ್ದರು. ಬಸಣ್ಣ "ಚಲೋ ಆತು ಬಿಡು" ಅಂದಿದ್ದ. ಅವತ್ತು ಊಟಕ್ಕೆ ಕೂರಲಿಲ್ಲ. ಕೂಗಿದೆ ಎನ್ನುತ್ತಾನೆ, ಕೇಳಿಲ್ಲ. ಹತ್ತು ವರ್ಷ ಫ್ಯಾನಿನ ಬುಡದಲ್ಲಿ ನಿಂತವನಿಗೆ ಗ್ರೀಸಿನ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿಲ್ಲವೇ? ನನ್ನ ಹಿಮ್ಮಡಿಗೆ ಹೆಗಲು ಕೊಟ್ಟವನ ಬಗ್ಗೆ ನಾನು ಇಂಥದ್ದನ್ನು ಯೋಚಿಸುತ್ತ ವಿಚಾರಣೆಯ ಕೋಣೆಯೊಳಗೆ ಹೋದೆ.

ಅಬು ಖಾಲಿದ್ ಯಾರು, ಯಾಕೆ ಅಂತ ಏನೂ ಕೇಳಲಿಲ್ಲ. "ಅಬು ಸಹನಾ, ನಿನ್ನೆ ಹತ್ತುವಾಗ ನಿನ್ನ ಕೀಲಿಕೈ ಎಲ್ಲಿತ್ತು?" ಅಂದರು.

ಮರೆತಿದ್ದೆ ಎನ್ನುವ ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಅವರು ನನ್ನ ಮಗಳ ಹೆಸರು ಹಿಡಿದು ಕರೆದಿದ್ದರು. "ಬಸಣ್ಣನ ಹತ್ತಿರ" ಅಂದೆ.

ಒಂದು ವಾರದಲ್ಲಿ ಬಸಣ್ಣನ ಟಿಕೆಟ್ ಆಯಿತು. ನನಗೆ ಎಚ್ಚರಿಕೆಯ ಪತ್ರ, ಹದಿನೈದು ದಿನ ಹತ್ತುವ ಹಾಗಿಲ್ಲ, ತರಬೇತಿ ರದ್ದು. ಬಸಣ್ಣ ಹೊರಡುವಾಗ ಶೇಂಗಾ ಚಟ್ನಿಯ ಡಬ್ಬಿ ನನ್ನ ಕೋಣೆಯ ಬಾಗಿಲಲ್ಲಿಟ್ಟು ಹೋದ. ನನ್ನ ಜೊತೆ ಮಾತಾಡಲಿಲ್ಲ. ಇಲ್ಲಿರುವ ನಮ್ಮ ದೇಶದ ಉಳಿದವರೂ ಮಾತು ನಿಲ್ಲಿಸಿದರು. ಅವರ ಕಣ್ಣಲ್ಲಿ ನಾನು ತನ್ನ ಕಡೆಯವನನ್ನೇ ಹಿಡಿದುಕೊಟ್ಟವನು. ಎರಡು ವಾರ ನನ್ನನ್ನು ಮಾತಾಡಿಸಿದವರು ಇಬ್ಬರೇ: "ಖಲ್ಲೀಹಾ ಅಲೈನಾ" ಎನ್ನುವ ಅಂಗಡಿಯವನು, ಮತ್ತು ಶ್ರಾಕ್ ತಂದುಕೊಡುವ ಉಮ್ ಯೂಸುಫ್. ಅವಳ ರೊಟ್ಟಿಯನ್ನು ಆಗ ಮೂಸಲಿಲ್ಲ. ಚಟ್ನಿಯ ಡಬ್ಬಿಯನ್ನು ಮಾತ್ರ ತಿಂಗಳುಗಟ್ಟಲೆ ತೆರೆಯಲಾಗಲಿಲ್ಲ. ತೆರೆಯದಿದ್ದದ್ದು ದುಃಖಕ್ಕೋ ಭಯಕ್ಕೋ ಇವತ್ತಿಗೂ ಹೇಳಲಾರೆ.

ಆಮೇಲೆ, ಖಾಲಿಯಾದ ಕೋಣೆಗೆ ಪ್ರೇಮ್ ಬಂದ. ಮನೆಯ ಕೀಲಿಕೈ ಅವನದು ಅವನ ಬಳಿ, ನನ್ನದು ನನ್ನ ಬಳಿ. ಅವನು ಒಳ್ಳೆಯವನು. ಅನ್ನ ಉಳಿದರೆ ನನಗೆಂದು ಮುಚ್ಚಿಡುತ್ತಾನೆ. ನಾನೂ ಕೊರಳಿಗೆ ದಾರ ಕಟ್ಟಿಕೊಂಡೆ. ಕೆಲಸ ಮುಗಿದ ಮೇಲೂ ಅದನ್ನು ತೆಗೆಯುವುದಿಲ್ಲ. ದಿನಕ್ಕೆ ಎಷ್ಟು ಸಲ ಅಂಗಿಯ ಮೇಲಿಂದ ಮುಟ್ಟಿ ನೋಡಿಕೊಳ್ಳುತ್ತೇನೆಂದು ಪ್ರೇಮ್ ಒಮ್ಮೆ ಎಣಿಸಲು ಹೊರಟು ಕೈಬಿಟ್ಟ. ಅಕ್ಕಪಕ್ಕದಲ್ಲಿ ಯಾವ ಗಾಡಿ ಹಾರ್ನು ಹೊಡೆದರೂ ನಾನು ನಿಂತು ಎಣಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ರಜೆಗೆ ಊರಿಗೆ ಬಂದೆ. ಹೆಂಡತಿ ಶಿಲ್ಪಾ, ಮಗಳು ಸಹನಾ ಇರುವುದು ಗಜೇಂದ್ರಗಡದಲ್ಲಿ, ಬಾಡಿಗೆ ಮನೆಯಲ್ಲಿ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಬ್ಯಾರಲ್ ತುಂಬಿಕೊಳ್ಳಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ನೀರು ಬಂದರೆ ಪಕ್ಕದ ಮನೆಯ ಗಂಗವ್ವ ಬಾಗಿಲು ತೆಗೆದು ತುಂಬಿಸುತ್ತಾಳೆ. ಅವಳಿಲ್ಲದಾಗ ಶಿಲ್ಪಾ ಅವಳ ಮನೆಯದನ್ನು ತುಂಬಿಸುತ್ತಾಳೆ. ಅದಕ್ಕಾಗಿ ಎರಡೂ ಮನೆಯ ಕೀಲಿಕೈಗಳು ಆಯಾ ಬಾಗಿಲ ಪಕ್ಕದ ಗೋಡೆಯಲ್ಲಿ ದೀಪವಿಡುವ ಸಣ್ಣ ಮಾಡದಲ್ಲಿರುತ್ತವೆ. ಓಣಿಗೆಲ್ಲ ಗೊತ್ತಿರುವ ಜಾಗ.

ಒಂದು ದಿನ ಮೂವರೂ ಯಾವಗಲ್ಲಿಗೆ ಸಂಬಂಧಿಕರನ್ನು ನೋಡಲು ಹೋದೆವು. ಬೀಗ ಹಾಕಿದವನು ನಾನು. ಸಂಜೆ ಬಸ್ಸಿಳಿದು ಬಂದರೆ ನಮ್ಮ ಕಟ್ಟೆಯ ಮೇಲೆ ಗಂಗವ್ವ ಕೂತಿದ್ದಳು, ಪಕ್ಕದಲ್ಲಿ ಎರಡು ಖಾಲಿ ಕೊಡ.

"ಕೀಲಿಕೈ ಎಲ್ಲಿಟ್ಟೀಯೋ ವೀರೇಶಾ? ಮಾಡದಾಗ ಕೈ ಹಾಕಿ ಹಲ್ಲಿ ಹಿಡಕೊಂಡೆ ನೋಡು. ನೀರ ಬಂದಿದ್ದು ಮಧ್ಯಾಹ್ನಕ್ಕ. ನಿಮ್ಮ ಬ್ಯಾರಲ್ ಹಂಗ ಕುಂತೈತಿ."

ಕೀಲಿಕೈ ನನ್ನ ಕೊರಳ ದಾರದಲ್ಲಿತ್ತು. ಯಾವಾಗ ಹಾಕಿಕೊಂಡೆನೋ ಗೊತ್ತಿಲ್ಲ. ಅಂಗಿಯೊಳಗಿನಿಂದ ಅದನ್ನು ಎಳೆದು ತೆಗೆದದ್ದನ್ನು ಗಂಗವ್ವ ನೋಡಿದಳು.

"ಎವ್ವಾ. ಎದ್ಯಾಗ ಇಟ್ಕೊಂಡ ತಿರಗತಾನ. ಅರಬರ ದೇಶದಿಂದ ಬಂಗಾರದ ಗಟ್ಟಿ ತಂದು ತುಂಬೀಯೇನು ಮನ್ಯಾಗ? ಇಷ್ಟ ವರ್ಷ ಇಲ್ಲದ್ದು ಈಗ ನಮ್ಮ ಮ್ಯಾಲ ಸಂಶೆ ಬಂತು."

"ಹಂಗಲ್ಲ ಗಂಗವ್ವ, ಅವ್ರಿಗಿ ಮರವು ಭಾಳ" ಅಂತ ಶಿಲ್ಪಾ ನಗುತ್ತ ಹೇಳಿದಳು. ಗಂಗವ್ವನೂ ನಕ್ಕಳು. ಆದರೆ ಕೊಡಗಳನ್ನೆತ್ತಿಕೊಂಡು ಹೋಗುವಾಗ ತನ್ನ ಮನೆಯ ಮಾಡದ ಕಡೆ ಒಮ್ಮೆ ನೋಡಿದಳು. ಒಳಗೆ ಬಂದ ಮೇಲೆ ಶಿಲ್ಪಾ ಕೇಳಿದಳು: "ಖರೇ ಹೇಳ್ರಿ. ಮರ್ತು ಹಾಕ್ಕೊಂಡ್ರೋ, ಬೇಕಂತ ಹಾಕ್ಕೊಂಡ್ರೋ?"

ನನಗೆ ಗೊತ್ತಿರಲಿಲ್ಲ. ಆ ವಾರವೆಲ್ಲ ನಾವು ಸ್ನಾನಕ್ಕೆ ಒಂದೊಂದೇ ಚರಿಗೆ ಲೆಕ್ಕ ಹಾಕಿದೆವು.

ಗಂಗವ್ವನ ಮಾತು ಕೇಳಿದ ಮರುದಿನವೇ ಬೈಕು ಹತ್ತಿ ಗುಡ್ಡದ ಬುಡದ ಚಹಾದಂಗಡಿಗೆ ಹೋದೆ. ಬಸಣ್ಣ ಮತ್ತೆ ಗುಡ್ಡದ ಫ್ಯಾನುಗಳ ಕೆಲಸಕ್ಕೇ ಸೇರಿದ್ದಾನೆ, ಮಧ್ಯಾಹ್ನ ಅಲ್ಲಿರುತ್ತಾನೆ ಅಂತ ಗೊತ್ತಿತ್ತು. ಬೆಂಚಿನ ತುದಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಸರಿದು ಜಾಗ ಬಿಟ್ಟ.

"ಬಾರಪಾ, ಅಬು ಸಹನಾ. ಕುಂದ್ರು."

ಚಹಾ ಬಂತು. ಸ್ವಲ್ಪ ಹೊತ್ತು ಹಿಮದ ಮಾತು, ಉಮ್ ಯೂಸುಫಳ ಮಾತು. ಆಮೇಲೆ ನಾನು ಕೇಳಿಯೇಬಿಟ್ಟೆ. ಕೇಳದೆ ತಿರುಗಿ ಹೋದರೆ ಮತ್ತೆ ಕಂಬ ಹತ್ತಲಾರೆ ಅನ್ನಿಸಿತ್ತು.

"ಅಣ್ಣ, ಅವತ್ತ ನೀ ಕೂಗಿದ್ದ್ಯೋ ಇಲ್ಲೋ?"

ಬಸಣ್ಣ ಬಸಿಯಲ್ಲಿ ಉಳಿದ ಚಹಾ ಕುಡಿದು ಮುಗಿಸಿದ. "ಕೂಗಿಲ್ಲ" ಅಂದ. "ಸಾಹೇಬ ಫೋನಿನ್ಯಾಗ ಇದ್ದ. ಆತಿಲ್ಲೋ ಆತಿಲ್ಲೋ ಅನ್ನಾಕತ್ತಿದ್ದ. ಅವನ ಮುಂದ ವಾಕಿಟಾಕಿ ಹಿಡದು, ಇನ್ನೂ ಮುಗದಿಲ್ರಿ, ಕೇಳ್ತೀನಿ ತಡೀರಿ ಅನ್ನಾಕ ಬಾಯಿ ಬರಲಿಲ್ಲ. ಆತ್ರಿ ಸಾಹೇಬ್ರ ಅಂದೆ. ಅಂದ ಮ್ಯಾಲ ಆಗ್ಬೇಕಲ್ಲ, ಕೀಲಿ ತಗದೆ." ಬಸಿ ಬೆಂಚಿನ ಮೇಲಿಟ್ಟು, "ನೀ ಏನೇನ ವಿಚಾರ ಮಾಡಿದ್ದಿ ಅಂತ ನಿನ್ನ ಮಾರಿ ಮ್ಯಾಲ ಕಾಣತಿತ್ತು ತಮ್ಮಾ. ಆ ಟ್ರೇನಿಂಗದ್ದು. ಹೌದಿಲ್ಲೋ?"

ನಾನು ತಲೆ ತಗ್ಗಿಸಿದೆ.

"ಅದೊಂದಕ್ಕ ಭಾಳ ಕೆಟ್ಟ ಅನಸ್ತು" ಅಂದ. ಸಿಟ್ಟಿನಿಂದಲ್ಲ.

"ಈಗ ಇಲ್ಲೆ ಹ್ಯಾಂಗ ಅಣ್ಣ? ಕೀಲಿ?"

ಅವನು ಅಂಗಿ ಎತ್ತಿ ತೋರಿಸಿದ. ಉಡದಾರದಲ್ಲಿ ನಾಲ್ಕು ಕೀಲಿಕೈಗಳು. "ಎಲ್ಲಾರಿಗೂ ಅವ್ರವ್ರ ಕೀಲಿ ಕೊಡಿಸೀನಿ, ಕೀಲಿಕೈ ನಿಮ್ಮ ಹತ್ರ ಇಟ್ಕೋರಿ ಅಂತ ಹೇಳೀನಿ. ಹತ್ತೋ ಮುಂದ ತಂದು ನನಗ ಕೊಡ್ತಾರ. ಬ್ಯಾಡ ಅಂದ್ರ, ಯಾಕಣ್ಣ, ಸಿಟ್ಟೇನು ನಮ್ಮ ಮ್ಯಾಲ ಅಂತಾರ. ಏನ ಮಾಡ್ಲಿ?"

ಆ ನಾಲ್ಕು ಮಂದಿ ಆಗ ಗುಡ್ಡದ ಮೇಲೆ ಊಟ ಮಾಡುತ್ತಿದ್ದರು.

ಅಷ್ಟರಲ್ಲಿ ಜೋಳದ ದಂಟಿನ ಕಣಿಕಿ ಹೇರಿದ ಟ್ರ್ಯಾಕ್ಟರೊಂದು ಬಂದು ನನ್ನ ಬೈಕಿನ ಹಿಂದೆ ನಿಂತು ಹಾರ್ನು ಹೊಡೆಯತೊಡಗಿತು. ದಾರಿಗೆ ಅಡ್ಡವಾಗಿ ನಿಲ್ಲಿಸಿದ್ದೆ. ಬೈಕಿಗೆ ಹತ್ತಿರವಿದ್ದವನು ಬಸಣ್ಣ. ಎದ್ದು ನಿಂತು ನನ್ನ ಕಡೆ ಕೈ ಚಾಚಿದ.

"ಕೀಲಿಕೈ ತಾ, ಆಚಿಗಿ ಹಚ್ತೀನಿ."

ಟ್ರ್ಯಾಕ್ಟರಿನವನು ಬಿಡದೆ ಹೊಡೆಯುತ್ತಿದ್ದ. ಮೂರು, ನಾಲ್ಕು. ನನ್ನ ಕೈ ಜೇಬಿನೊಳಗೆ ಕೀಲಿಕೈಯ ಮೇಲೆ ಮುಚ್ಚಿಕೊಂಡಿತ್ತು. ಕೊಡು ಅಂತ ಅದಕ್ಕೆ ನಾನೇ ಹೇಳಿದೆ. ಅದು ಕೇಳಲಿಲ್ಲ. ಐದು, ಆರು.

"ನಾನ ಹಚ್ತೀನಿ ಅಣ್ಣ" ಅಂದೆ.

ಬಸಣ್ಣನ ಕೈ ಗಾಳಿಯಲ್ಲಿ ಹಾಗೇ ಇತ್ತು. ಆಮೇಲೆ ಅದನ್ನು ಹಿಂದೆಗೆದು ಪ್ಯಾಂಟಿಗೆ ಒರೆಸಿಕೊಂಡ. "ಪಾಸಾದಿ ತಮ್ಮಾ" ಅಂದ. "ಅಬು ಖಾಲಿದ್‌ಗ ಹೇಳು, ಬಸಣ್ಣನೂ ಬರಕೊಂಡಾನ, ವೀರೇಶ ಬದುಕ್ಯಾನ ಅಂತ." ಬೈಕು ಸರಿಸಿ ತಿರುಗಿ ನೋಡಿದಾಗ ಅವನು ಗುಡ್ಡದ ದಾರಿ ಹಿಡಿದಿದ್ದ. ಚಹಾದ ದುಡ್ಡು ಅವನೇ ಕೊಟ್ಟು ಹೋಗಿದ್ದ.

ಈಗ ಮತ್ತೆ ಜೋರ್ಡಾನಿನ ಕಲ್ಲಿನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸತ್ಯ ಗೊತ್ತಾದರೆ ಸಂಶಯ ಹೋಗುತ್ತದೆ ಅಂದುಕೊಂಡಿದ್ದೆ. ಬಸಣ್ಣನ ಮೇಲಿನದು ಹೋಯಿತು. ಸಂಶಯ ಪಡುವ ಕೈ ಮಾತ್ರ ನನ್ನ ಬಳಿಯೇ ಉಳಿಯಿತು. ಇಲ್ಲಿ ಆ ಕೈಗೆ ಮರ್ಯಾದೆ ಇದೆ. ಹೊಸಬರಿಗೆ ಪಾಠ ಹೇಳುವಾಗ ಅಬು ಖಾಲಿದ್ ನನ್ನನ್ನೇ ಎದ್ದು ನಿಲ್ಲಿಸಿ ತೋರಿಸುತ್ತಾರೆ. ಊರಲ್ಲಿ ಅದೇ ಕೈಯಿಂದಾಗಿ ಗಂಗವ್ವನ ಮುಂದೆ ತಲೆ ತಗ್ಗಿಸಬೇಕಾಯಿತು. ಪ್ರೇಮ್ ನಾಲ್ಕು ದೇಶ ತಿರುಗಿದವನು. ರಜೆಗೆ ಹೋದಾಗ ಕೊರಳ ದಾರ ಬಿಚ್ಚುತ್ತೀಯಾ ಅಂತ ಅವನನ್ನು ಕೇಳಿದೆ. ಮೊದಲ ವರ್ಷ ಬಿಚ್ಚುತ್ತಿದ್ದೆ ಅಂದ.

ಊರಿನಿಂದ ಹೊರಡುವ ದಿನ ಮನೆಯ ಕೀಲಿಕೈಯನ್ನು ನಾನೇ ಮಾಡದಲ್ಲಿಟ್ಟೆ. ಗಂಗವ್ವ ನೋಡುವ ಹಾಗೆ ಇಟ್ಟೆ. ಓಣಿಯ ತುದಿಯವರೆಗೆ ಹೋಗಿ, ಏನೋ ಮರೆತವನ ಹಾಗೆ ತಿರುಗಿ ಬಂದು, ಇದೆಯೋ ಇಲ್ಲವೋ ಅಂತ ಬೆರಳು ಹಾಕಿ ನೋಡಿ ಹೋದೆ.

ದಿನಾ ಸಂಜೆ ಶಿಲ್ಪಾಗೆ ಫೋನು ಮಾಡುತ್ತೇನೆ. ಸಹನಾ ಶಾಲೆಗೆ ಹೋದಳೇ, ನೀರು ಬಂತೇ ಎಲ್ಲ ಕೇಳಿದ ಮೇಲೆ, ಕೊನೆಗೆ ಕೀಲಿಕೈ ಎಲ್ಲಿದೆ ಅಂತ ಕೇಳುತ್ತೇನೆ. "ಮಾಡದಾಗ ಐತ್ರಿ, ಮತ್ತೆಲ್ಲಿ ಇರತೈತಿ" ಅನ್ನುತ್ತಾಳೆ. ಅದನ್ನು ಕೇಳಿದರೆ ನನಗೆ ಹೆದರಿಕೆಯಾಗುತ್ತದೆ. ಕೇಳದಿದ್ದರೆ ನಿದ್ದೆ ಬರುವುದಿಲ್ಲ.